ಬೂಷ್ಟಿನ ಮದ್ದು ಮತ್ತು ಕಣ್ಣುಬೇನೆ



ಮಳೆಗಾಲದಲ್ಲಿ ಉಪ್ಪಿನಕಾಯಿಯ ಜಾಡಿಗೆ ಬೂಷ್ಟು ಹಿಡಿದರೆ ನಾವು ಅಸಹ್ಯದಿಂದ ತೆಗೆದೆಸೆಯುತ್ತೇವೆ. ಲೋಕಕ್ಕೆ ಪೆನಿಸಿಲಿನ್ನನ್ನು ಕೊಟ್ಟದ್ದೂ ಅಂಥದೊಂದು ಬೂಷ್ಟೇ. ಅದರ ಗುಣವನ್ನು 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಕಂಡರು. ಎರಡು ವರ್ಷಗಳ ಬಳಿಕ ಶೆಫೀಲ್ಡಿನ ವೈದ್ಯ ಸೆಸಿಲ್ ಪೇನ್ ಅವರು ಆ ಬೂಷ್ಟಿನ ರಸದಿಂದ ಹಸುಗೂಸಿನ ಕೀವುಗಟ್ಟಿದ ಕಣ್ಣನ್ನು ವಾಸಿಮಾಡಿದರು.

ಹಾಗಾದರೆ ಎಲ್ಲ ಕಣ್ಣುಬೇನೆಗೂ ಇದೇ ಮದ್ದು ಸಾಕೆ? ಸಾಲದು. ಪೆನಿಸಿಲಿನ್ನು ಬ್ಯಾಕ್ಟೀರಿಯದ ಹೊರಗೋಡೆಯನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ವೈರಸ್ಸಿಗಾದರೋ ಅಂಥ ಗೋಡೆಯೇ ಇಲ್ಲ. ಅದು ನಮ್ಮ ಜೀವಕೋಶವನ್ನೇ ಹೊಕ್ಕು ಬೆಳೆಯತಕ್ಕದ್ದು. ಗೋಡೆಯಿಲ್ಲದ ಮನೆಗೆ ಕನ್ನ ಕೊರೆಯುವುದೆಂತು?

ಈ ವಿಷಯದಲ್ಲಿ ಟ್ರಕೋಮವೆಂಬ ಬೇನೆಯ ಕಥೆ ಬೋಧಪ್ರದವಾದುದು. ಇದರಲ್ಲಿ ರೆಪ್ಪೆಯ ಒಳಮೈ ಕಾಳುಕಾಳಾಗಿ, ಕಾಲಕ್ರಮದಲ್ಲಿ ಎವೆಗೂದಲು ಒಳಕ್ಕೆ ಬಾಗಿ, ಕಣ್ಣನ್ನು ಉಜ್ಜಿ ಉಜ್ಜಿ ಕುರುಡಾಗಿಸುತ್ತದೆ. ವಿದ್ವಾಂಸರು ಬಹುಕಾಲ ಇದನ್ನು ವೈರಸ್ಸಿನ ಬೇನೆಯೆಂದೇ ಎಣಿಸಿದ್ದರು. 1948ರಲ್ಲಿ ಮಣ್ಣಿನ ಜೀವಿಯೊಂದರಿಂದ ದೊರೆತ ಆರಿಯೊಮೈಸಿನ್ ಎಂಬ ಹೊಂಬಣ್ಣದ ಮದ್ದು ಪ್ರಕಟವಾಯಿತು. ಅದು ಟ್ರಕೋಮಕ್ಕೂ ನಾಟಿದಾಗ, ಬೂಷ್ಟಿನ ಮದ್ದು ವೈರಸ್ಸನ್ನು ಗೆದ್ದಿತೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡು ಹೆಸರುಗಳೂ ತಪ್ಪಾಗಿದ್ದವು. 1957ರಲ್ಲಿ ಚೀನದ ಟಾಂಗ್ ಫೈಫಾನರೂ ಸಂಗಡಿಗರೂ ಆ ರೋಗಾಣುವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿದ ವರದಿಯನ್ನಿತ್ತರು. ಅದು ಜೀವಕೋಶದಲ್ಲಿ ಅಡಗಿ ಬಾಳುವ ಬ್ಯಾಕ್ಟೀರಿಯವೆಂದು ಮುಂದೆ ಖಚಿತವಾಯಿತು. ಮದ್ದನ್ನಿತ್ತ ಸ್ಟ್ರೆಪ್ಟೊಮೈಸಿಸ್ ಕೂಡ ಬೂಷ್ಟಲ್ಲ. ಬೂಷ್ಟಿನಂತೆ ಎಳೆಯೆಳೆಯಾಗಿ ಹಬ್ಬುವ ಬ್ಯಾಕ್ಟೀರಿಯವೇ. ಶತ್ರುವಿನ ನಿಜಸ್ವರೂಪ ತಿಳಿದ ಮೇಲೆ ಹೋರಾಟ ಹಸನಾಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಭಾರತದಲ್ಲಿ ಟ್ರಕೋಮವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಸಾರಿತು.

ನಿಜವಾದ ವೈರಸ್ಸಿನ ಕಣ್ಣುಬೇನೆಗಳ ಪೈಕಿ ಹರ್ಪಿಸ್ ಎಂಬುದಕ್ಕೆ ಮದ್ದು ದೊರೆತದ್ದು ಬೂಷ್ಟಿನಿಂದಲ್ಲ, ರಸಾಯನಶಾಲೆಯಿಂದ. 1962ರಲ್ಲಿ ಅಮೆರಿಕದ ಹರ್ಬರ್ಟ್ ಕಾಫ್‌ಮನ್ನರು ಐಡಾಕ್ಸುಯುರಿಡಿನ್ ಎಂಬ ಕೃತಕ ಮದ್ದಿನಿಂದ ಅದು ಗುಣವಾಗುವುದೆಂದು ತೋರಿಸಿದರು. ಊರಿಗೆಲ್ಲ ಹಬ್ಬುವ ಕೆಂಗಣ್ಣಿನ ಬೇನೆಯಾದರೋ ಬಹುಮಟ್ಟಿಗೆ ಎರಡು ಮೂರು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೈತೊಳೆಯುವುದೂ ಬೇರೆ ವಸ್ತ್ರದಿಂದ ಮುಖ ಒರೆಸಿಕೊಳ್ಳುವುದೂ ಇತರರನ್ನು ಕಾಪಾಡುತ್ತವೆ.

ಆದುದರಿಂದ, ಹಿಂದಿನ ಸಲ ಉಳಿದ ಸೀಸೆಯ ಹನಿಯನ್ನು ಈ ಸಲದ ಕಣ್ಣಿಗೆ ಹಾಕಬೇಡಿರಿ. ಅದರಲ್ಲಿ ಸ್ಟೆರಾಯ್ಡು ಇದ್ದು, ಬೇನೆ ಹರ್ಪಿಸಿನದಾದರೆ ದೃಷ್ಟಿಗೇ ಅಪಾಯ. ನೋವು ಹೆಚ್ಚಿದರೂ ನೋಟ ಮಬ್ಬಾದರೂ ಬೆಳಕು ಸಹಿಸಲಾರದಾದರೂ ಅಂದೇ ನೇತ್ರವೈದ್ಯರ ಬಳಿಗೆ ಹೋಗಿರಿ. ಮದ್ದು ಎಷ್ಟೇ ದೊಡ್ಡದಾಗಲಿ, ರೋಗದ ಹೆಸರನ್ನು ಮೊದಲು ತಿಳಿದವರ ಕೈಯಲ್ಲಿ ಮಾತ್ರ ಅದು ಮದ್ದು.