ಸತುವಿನ ದ್ವಾರಪಾಲಕರು ಮತ್ತು ನಮ್ಮ ಸೋದರಿಕೆ



ಸತು ಎಂದೊಡನೆ ನಮಗೆ ನೆನಪಾಗುವುದು ಬಕೆಟ್ಟು ಮತ್ತು ಮಾಡಿನ ತಗಡು. ವಯಸ್ಕರ ಮೈಯಲ್ಲಿಯೂ ಎರಡು ಮೂರು ಗ್ರಾಮಿನಷ್ಟು ಸತುವಿದೆ. ಅದರ ಮಹತ್ವಕ್ಕೆ ದೊಡ್ಡದೊಂದು ಸಾಕ್ಷಿ ದೊರೆತದ್ದು ಈ ಊರಿನಲ್ಲಿಯೇ. ದೆಹಲಿಯ 937 ಮಕ್ಕಳನ್ನು ಪರೀಕ್ಷಿಸಿ, ಸತು ಕೊಟ್ಟರೆ ಅತಿಸಾರ ಬೇಗ ಇಳಿಯುವುದೆಂದು ಸುನೀಲ್ ಸಜಾವಲ್, ಮಹಾರಾಜ ಕಿಶನ್ ಭಾನ್ ಮೊದಲಾದವರು 1995ರಲ್ಲಿ ತೋರಿಸಿಕೊಟ್ಟರು.

ಆದರೆ ತಿಂದ ಸತು ತಾನಾಗಿ ಜೀವಕೋಶವನ್ನು ಹೊಗಲಾರದು. ಪೊರೆಗಳಲ್ಲಿ ವಾಹಕ ಪ್ರೋಟೀನುಗಳು ದ್ವಾರಪಾಲಕರಂತೆ ನಿಂತಿವೆ. ಕೋಶರಸಕ್ಕೆ ಸತುವನ್ನು ತರುವ ಜಿಪ್ ಬಳಗದಲ್ಲಿ 14, ಅಲ್ಲಿಂದ ಹೊರಗಟ್ಟುವ ಇನ್ನೊಂದು ಬಳಗದಲ್ಲಿ 10. ಇವರ ಒಪ್ಪಂದವೇ ಕೋಶದ ಸಮತೋಲ. ಜಿಪ್-13 ಕೆಟ್ಟರೆ ಏಲರ್ಸ್-ಡಾನ್ಲಸ್ ರೋಗದ ಒಂದು ಬಗೆ ಬರುವುದೆಂದು 2008ರಲ್ಲಿ ಜಪಾನಿನ ಹಾಗೂ ಸ್ವಿಟ್ಜರ್ಲೆಂಡಿನ ತಂಡಗಳು ಕಂಡುಕೊಂಡವು. ಚರ್ಮ ತೆಳುವಾಗಿ ಹಿಗ್ಗುತ್ತದೆ, ಬೆರಳ ಕೀಲುಗಳು ಸಡಿಲ, ಅಂಗೈಯೆಲ್ಲ ಸುಕ್ಕು, ಎತ್ತರ ಕುಂಠಿತ. ಮೈಯನ್ನು ಹಿಡಿದಿಡುವ ಕೊಲ್ಲಾಜನ್ ಮೂರೆಳೆಯ ಹುರಿ. ಆ ಹುರಿಗಳು ಒಂದಕ್ಕೊಂದು ಬೆಸೆಯುವಂತೆ ಅಣಿಗೊಳಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಜಿಪ್-13 ಸಾಗಿಸುವುದು ಸತುವನ್ನೋ ಕಬ್ಬಿಣವನ್ನೋ ಎಂಬ ವಿದ್ವಾಂಸರ ವ್ಯಾಜ್ಯ ಇನ್ನೂ ತೀರಿಲ್ಲ. ಹುರಿ ಸಡಿಲಾಗುವುದಂತೂ ನಿಜ.

ಬಾಗಿಲೇ ಕೆಟ್ಟ ಮನೆಗೆ ಅಂಗಳದಲ್ಲಿ ಮೂಟೆ ಒಟ್ಟಿ ಫಲವಿಲ್ಲ. ಕೋವಿಡ್ ಕಾಲದಲ್ಲಿ ಕಲಿತ ಸತುಮಾತ್ರೆಯ ಚಟವನ್ನು ಬಿಡದವರಿಗೆ ಒಂದು ಮಾತು: ಸತು ಅತಿಯಾದರೆ ತಾಮ್ರ ಕೊರೆಯಾಗುತ್ತದೆ, ತಾಮ್ರವಿಲ್ಲದೆ ಕೊಲ್ಲಾಜನ್ ಬೆಸೆಯುವ ಮತ್ತೊಂದು ಕಿಣ್ವ ದುಡಿಯದು.

ಈ ರೋಗ ಬರಲು ತಂದೆತಾಯಿ ಇಬ್ಬರಿಂದಲೂ ಕೆಟ್ಟ ವಂಶವಾಹಿ ಬರಬೇಕು. ಸ್ವಿಸ್ ತಂಡ ಕಂಡ ಆರು ರೋಗಿಗಳೂ ರಕ್ತಸಂಬಂಧದಲ್ಲಿ ಮದುವೆಯಾದ ಎರಡು ಕುಟುಂಬದವರು. ರೋಗ ಅತಿ ವಿರಳ, ನಿಜ. ಆದರೆ ಹೀಗೆ ಇಬ್ಬರಿಂದಲೂ ಬರಬೇಕಾದ ರೋಗಗಳು ನೂರಾರು. ಅಕ್ಕನ ಮಗಳನ್ನು ತರುವ ನಮ್ಮ ರೂಢಿಯಲ್ಲಿ, ಮಗುವಿನ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲೊಂದು. ಸೋದರಮಾವನ ಮಗಳಾದರೆ ಹದಿನಾರರಲ್ಲೊಂದು. 1955ರ ಹಿಂದೂ ವಿವಾಹ ಕಾಯಿದೆ ಇಂಥ ಸಂಬಂಧಗಳನ್ನು ನಿಷೇಧಿಸಿದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿದೆ.

ಹೊರನಾಡಿಗರ ಕಷ್ಟ ನಾನು ಬಲ್ಲೆ. ಮನೆಯಲ್ಲಿ ಕನ್ನಡ ಉಳಿಯಲೆಂದೇ ಅನೇಕರು ಸೋದರಿಕೆಯಲ್ಲಿ ಹೆಣ್ಣು ತರುತ್ತಾರೆ. ಅದನ್ನು ಮೌಢ್ಯವೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಎರಡೂ ಕಡೆಯ ಹಿರಿಯರು ಜಾತಕದ ಜೊತೆಗೆ, ಎಳವೆಯಲ್ಲೇ ತೀರಿಕೊಂಡ ಮಕ್ಕಳು, ಸಡಿಲ ಕೀಲಿನವರು, ಬೆಳೆಯದೆ ಉಳಿದವರು ಮನೆತನದಲ್ಲಿದ್ದರೇ ಎಂಬುದನ್ನು ಮುಚ್ಚಿಡದೆ ಹೇಳಿಕೊಳ್ಳಲಿ. ಇದ್ದರೆ, ನಿಶ್ಚಿತಾರ್ಥಕ್ಕೆ ಮೊದಲೇ ಆನುವಂಶಿಕ ತಜ್ಞರನ್ನು ಕಾಣಲಿ. ಅಂಥವರು ಈ ನಗರದಲ್ಲೇ ಇದ್ದಾರೆ.