ಆಟಗಾರನ ಬಾಯಿಗೆ ಬೀಗವೇಕೆ?

(ಗೌರಿಬಿದನೂರಿನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಆಟಗಾರ ಮೊಬೈಲಿನಲ್ಲಿ ಏನು ಬರೆಯಬೇಕು, ಎಲ್ಲಿ ಏನು ಮಾತಾಡಬೇಕು ಎಂಬುದನ್ನು ಮಂಡಳಿ ಗೊತ್ತುಮಾಡಬಹುದೆ? ಗಿರಣಿಯಲ್ಲಿ ದುಡಿಯುವ ನಮಗೆ ಈ ಪ್ರಶ್ನೆ ಹೊಸದಲ್ಲ. ಮೊದಲು ಸಸ್ಪೆಂಡು, ಆಮೇಲೆ ವಿಚಾರಣೆ. ಈ ನ್ಯಾಯವನ್ನು ನಾವು ಕಂಡವರು.

2019ರ ಜನವರಿಯಲ್ಲಿ ನಮ್ಮ ಕೆ. ಎಲ್. ರಾಹುಲರೂ ಹಾರ್ದಿಕ್ ಪಾಂಡ್ಯರೂ ಟೆಲಿವಿಷನ್ ಕಾರ್ಯಕ್ರಮವೊಂದರ ಮಾತಿಗಾಗಿ ಅಮಾನತಾದರು. ಅಲ್ಲಿ ಹೆಂಗಸರ ವಿಷಯವಾಗಿ ಆಡಿದ ಹಗುರ ಮಾತನ್ನು ನಾವು ಸಮರ್ಥಿಸುವವರಲ್ಲ. ಆದರೆ ಅವರನ್ನು ಆಸ್ಟ್ರೇಲಿಯದಿಂದ ಹಿಂದಕ್ಕೆ ಕರೆಸಿದಾಗ, ವಿಚಾರಣೆ ಮಾಡಬೇಕಾದ ಓಂಬುಡ್ಸ್‌ಮನ್ನರೇ ನೇಮಕವಾಗಿರಲಿಲ್ಲ! ಏಪ್ರಿಲಿನಲ್ಲಿ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ದಂಡ ಸರಿ; ವಿಚಾರಿಸದೆ ಹೊರಗಿಟ್ಟದ್ದು ಸರಿಯಲ್ಲ.

2021ರ ಫೆಬ್ರವರಿಯಲ್ಲಿ ಗಾಯಕಿ ರಿಹಾನಾ ನಮ್ಮ ರೈತರ ಚಳವಳಿಯ ಮಾತೆತ್ತಿದಾಗ, ಕ್ರಿಕೆಟಿಗರು ಸಾಲುಗಟ್ಟಿ ಸರ್ಕಾರದ ರಾಗವನ್ನೇ ಟ್ವೀಟಿಸಿದರು. ಅನಿಲ್ ಕುಂಬ್ಳೆಯವರೂ ಅವರಲ್ಲೊಬ್ಬರು. ಯಾರ ಅಮಾನತೂ ಆಗಲಿಲ್ಲ. ಅದೇ ಕುಂಬ್ಳೆ 2023ರ ಮೇ ತಿಂಗಳಲ್ಲಿ, ದೆಹಲಿಯಲ್ಲಿ ಕುಸ್ತಿಪಟುಗಳನ್ನು ಎಳೆದಾಡಿದ್ದಕ್ಕೆ ಮರುಗಿ ಬರೆದರು. ಭೇಷ್! ಆದರೆ ಅವರು ಆಟ ಬಿಟ್ಟವರು. ಮಂಡಳಿಯ ಕರಾರಿನಲ್ಲಿದ್ದವರು ಬಹುಮಟ್ಟಿಗೆ ತುಟಿ ಬಿಚ್ಚಲಿಲ್ಲ.

ನಿಯಮ ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಬರೆಯುವಾಗ ಆಡುವವನೂ ಮೇಜಿನ ಮುಂದೆ ಕೂತಿರಬೇಕು. 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಘ ಮಾಜಿ ಆಟಗಾರರದು. ಇಂದು ಬ್ಯಾಟು ಹಿಡಿದವನಿಗೆ ಅದರಲ್ಲಿ ಜಾಗವಿಲ್ಲ. ಗಿರಣಿ ಬಿಟ್ಟವರಿಗೆ ಮಾತ್ರ ಯೂನಿಯನ್ ಎಂದರೆ ನೀವು ಒಪ್ಪುತ್ತಿದ್ದಿರಾ?