ಅಂಜಿಕೆಯ ಚಿಕಿತ್ಸೆ ನಮ್ಮೂರಿಗೂ ಬರಲಿ

ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಹೇಳಿದ್ದರು. ಅದನ್ನು ಈಗಿನ ಹುಡುಗರೇ ಚೆನ್ನಾಗಿ ಬಲ್ಲರು. ನಾನು ಅಂಜಿಕೆಯ ಬಗ್ಗೆ ಮಾತಾಡುತ್ತೇನೆ.

2021ರ ಅಕ್ಟೋಬರ್ ನಿಮಗೆಲ್ಲ ನೆನಪಿದೆ. ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತ ಭೂಮಿ ಮೇಲಿಂದ ಮೇಲೆ ನಡುಗಿತು. 11ರ ರಾತ್ರಿಯದು 4.1 ತೀವ್ರತೆ. ಜನ ಬಯಲಲ್ಲಿ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ಹಿರಿಯರಿಗೆ 1993ರ ಕಿಲ್ಲಾರಿ ಕಣ್ಣಮುಂದೆ ಬಂತು. ನಡುಕ ನಿಂತ ಮೇಲೂ ನಮ್ಮ ಅತ್ತೆಯೊಬ್ಬರು ಚಳಿಗಾಲವೆಲ್ಲ ಒಳಗೆ ಮಲಗಲಿಲ್ಲ. ಲಾರಿಯ ಸದ್ದಿಗೂ ಎದ್ದು ಹೊರಗೆ ಓಡುತ್ತಿದ್ದರು. "ಭೂಮಿ ನಡಗೋದು ನಿಂತದ, ನನ್ನ ಎದಿ ನಡಗೋದು ನಿಂತಿಲ್ಲಪಾ" ಎನ್ನುತ್ತಿದ್ದರು. ಮನೆಯವರು ತಾಯತ ಕಟ್ಟಿಸಿದರು, ನಿದ್ದೆ ಗುಳಿಗೆ ತಂದರು.

ಹೆಚ್ಚಿನವರಿಗೆ ಇಂಥ ಅಂಜಿಕೆ ತಾನಾಗಿಯೇ ಇಳಿಯುತ್ತದೆ. ತಿಂಗಳು ದಾಟಿದರೂ ಕೆಟ್ಟ ಕನಸು, ಬೆಚ್ಚಿಬೀಳುವುದು ಉಳಿದು ದಿನದ ಕೆಲಸವೇ ಕೆಟ್ಟರೆ ಅದು ಆಘಾತದ ನಂತರದ ಮಾನಸಿಕ ಕಾಯಿಲೆ ಇರಬಹುದು. ಭೂಕಂಪವೇ ಆಗಬೇಕಿಲ್ಲ, ಬೈಕ್ ಅಪಘಾತ ಸಾಕು, ಗಂಡನ ಹೊಡೆತ ಸಾಕು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ತರಬೇತಾದ ಚಿಕಿತ್ಸಕರ ಮುಂದೆ ಕುಳಿತು, ನಡೆದದ್ದನ್ನು ಸ್ವಲ್ಪ ಸ್ವಲ್ಪವೇ ಎದುರಿಸುವ ಮಾತಿನ ಚಿಕಿತ್ಸೆ ಅದು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 8ರಿಂದ 12 ಸಲ. ಬೇಕಾದವರಿಗೆ ಮಾತ್ರೆಯೂ ಇದೆ. ಬರೀ ನಿದ್ದೆ ಗುಳಿಗೆಯಿಂದ ವಾಸಿಯಾಗುವುದಿಲ್ಲ.

ಆದರೆ 12 ಸಲ ಕಲಬುರಗಿಗೆ ಹೋಗಿಬರುವುದೆಂದರೆ 12 ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಯಾರು ಹೋಗುತ್ತಾರೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಹಕ್ಕಿಗೆ ನಮ್ಮೂರಿನಿಂದ ಬಸ್ ಇಲ್ಲ, ಅಷ್ಟೇ.

2022ರ ಅಕ್ಟೋಬರ್ 10ರಿಂದ ಸರ್ಕಾರದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಎಲ್ಲವೂ ಫೋನಿನಲ್ಲೇ ಮುಗಿಯದಿದ್ದರೂ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ವಿಡಿಯೋ ಮೂಲಕ ಕೊಡುವ ಮಾತಿನ ಚಿಕಿತ್ಸೆ ಎದುರು ಕುಳಿತಷ್ಟೇ ಫಲ ಕೊಡುತ್ತದೆಂದು ಸಂಶೋಧನೆಗಳೂ ತೋರಿಸಿವೆ. ನಮ್ಮ ಮನೆಗಳಲ್ಲಿ ಮೊಬೈಲ್ ಇದೆ, ಮುಚ್ಚಿಕೊಳ್ಳಲು ಬಾಗಿಲಿಲ್ಲ. ಒಂದೇ ಖೋಲಿಯ ಮನೆಯಲ್ಲಿ ಅತ್ತೆ-ಮಾವನ ಮುಂದೆ ಸೊಸೆ ಏನು ಹೇಳಿಯಾಳು?

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತಿದೆ. ಕಟ್ಟಿಸೋಣ. ಜೊತೆಗೆ ಶಾಲೆಯಲ್ಲಿ ಬಾಗಿಲಿರುವ ಒಂದು ಸಣ್ಣ ಖೋಲಿ ಕೊಡಿ. ಶಾಲೆಗೆ ಯಾಕೆ ಬಂದಿ ಎಂದು ಯಾರೂ ಕೇಳುವುದಿಲ್ಲ. ಶನಿವಾರ ಮಧ್ಯಾಹ್ನ ಅದು ಊರವರಿಗೆ ಸಿಗಲಿ. ಜಿಲ್ಲೆಯ ಮಾನಸಿಕ ಆರೋಗ್ಯ ತಂಡವನ್ನು ನಾವೆಲ್ಲ ಸೇರಿ ಕೇಳೋಣ. ಕಂಪ್ಯೂಟರ್, ಇಂಟರ್ನೆಟ್ ಖರ್ಚು ನಮ್ಮ ಬ್ಯಾಚಿನದು. ಮುಖ್ಯ ಗುರುಗಳು ಒಪ್ಪಿದರೆ ದೀಪಾವಳಿ ರಜೆಗೆ ಬಂದು ವೈರ್ ನಾನೇ ಎಳೆಯುತ್ತೇನೆ.